ಟ್ಯಾಂಕಿ ತುಂಬ ತೆಂಗಿನ ಸಿಪ್ಪೆ

ನಿನ್ನೆ ಸಂಜೆ ಒಂದು ಗಂಟೆ ಮಳೆ ಹೊಡೆಯಿತು. ಆಚೆಮನೆಯ ಹೊಸ ಟೆರೇಸಿನ ಮೂರು ಪೈಪುಗಳಿಂದ ನೀರು ಧೋ ಅಂತ ಮಾರ್ಗಕ್ಕೆ ಬೀಳುತ್ತಿತ್ತು. ಇದೇ ಮನೆಗೆ ಮೊನ್ನೆ ಶನಿವಾರ ಟ್ಯಾಂಕರ್ ಬಂದಿತ್ತು, ಗೇಟಿನ ಹತ್ತಿರ ನಿಂತು ಡ್ರೈವರಿಗೆ ರಿವರ್ಸ್ ಹೇಳಿದವನು ನಾನೇ. ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ. "ಅಲ್ಲ ಅಣ್ಣ, ನಿಮ್ಮಲ್ಲಿ ಮಳೆನೀರಿನ ಟ್ಯಾಂಕಿ ಉಂಟಲ್ಲ?"

"ಅದು ಮನೆ ನಂಬ್ರ ಸಿಗಲಿಕ್ಕೆ ಕಟ್ಟಿಸಿದ್ದು ಮಾಷ್ಟ್ರೇ."

ಕೇರಳದ ಕಟ್ಟಡ ನಿಯಮಕ್ಕೆ ಮಳೆಕೊಯ್ಲು ಸೇರಿದ್ದು 2004ರಲ್ಲಿ. ಸೇರಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಮುಚ್ಚಳ ತೆಗೆದು ತೋರಿಸಿದರು ಸಹ. ಒಳಗೆ ತೆಂಗಿನ ಸಿಪ್ಪೆ, ಎರಡು ಪೈಂಟ್ ಡಬ್ಬ, ಒಂದು ಸೈಕಲ್ ಟಯರು. ಸಿಪ್ಪೆ ಎಷ್ಟು ಚೆನ್ನಾಗಿ ಒಣಗಿತ್ತು ಅಂದರೆ, ನಿನ್ನೆ ಇಡೀ ಊರಲ್ಲಿ ನೀರು ಬೀಳದ ಜಾಗ ಅದೊಂದೇ ಇರಬೇಕು!

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 1,000 ಚದರ ಅಡಿ ಮಾಡಿನ ಮೇಲೆ ಮೂರು ಲಕ್ಷ ಲೀಟರಿಗೂ ಜಾಸ್ತಿ ನೀರು ಬೀಳುತ್ತದೆ. ಅಷ್ಟನ್ನೂ ಮಾರ್ಗಕ್ಕೆ ಬಿಟ್ಟು ಮಾರ್ಚಿನಲ್ಲಿ ಬಾವಿಯ ತಳ ಕೆರೆಯುವುದು. ನಮ್ಮ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಆ ಕಲ್ಲಿನೊಳಗೆ ಕೈಯಲ್ಲೇ ಸುರಂಗ ಕೊರೆದು, ಬೆರಳು ಗಾತ್ರದ ನೀರನ್ನು ಅಡಿಕೆ ಮರ ಸೀಳಿದ ದಂಬೆಯಲ್ಲಿ ಅಂಗಳಕ್ಕೆ ತಂದವರ ಮೊಮ್ಮಕ್ಕಳು ನಾವು.

"10,000 ಲೀಟರಿನ ಟ್ಯಾಂಕಿ ಎಷ್ಟು ದಿನಕ್ಕೆ ಮಾಷ್ಟ್ರೇ?" ಅಂತ ಕೇಳುವವರಿದ್ದಾರೆ. ಸ್ನಾನ, ಬಟ್ಟೆ, ಕಾರು ಎಲ್ಲ ಅದರಲ್ಲೇ ಆಗಬೇಕಾದರೆ ತಿಂಗಳೂ ಬಾರದು, ಒಪ್ಪಿದೆ. ಆದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಗೆ ತುಂಬಿಸಿ, ಬಿಸಿಲು ಬೀಳದ ಹಾಗೆ ಮುಚ್ಚಿಟ್ಟು, ಶಿವರಾತ್ರಿಗೆ ತೆರೆಯಿರಿ. ಅಡಿಗೆಗೆ, ಕುಡಿಯಲಿಕ್ಕೆ ದಿನಕ್ಕೆ 100 ಲೀಟರ್ ಅಂದರೆ 100 ದಿನ. ಮೇ ಕೊನೆಯ ಪತ್ತನಾಜೆ ದಾಟುತ್ತದೆ. ಕಾರು ತೊಳೆಯದಿದ್ದರೆ ಓಡುವುದಿಲ್ಲವಾ?

ನಾನೇನೂ ಸಾಚಾ ಅಲ್ಲ. ಟ್ಯಾಂಕಿಗಿಂತ ಮೊದಲು ಬೋರು ತೆಗೆಸಿದವನು. 350 ಅಡಿ, ಬಂದದ್ದು ಧೂಳು. ಆ ಸಾಲ ತೀರಿಸಿದ ಮೇಲೆ ಬುದ್ಧಿ ಬಂತು. ಟ್ಯಾಂಕಿ ಕಟ್ಟಿದ ವರ್ಷವೂ ಮೊದಲ ಮಳೆಯ ನೀರನ್ನು ಹೊರಗೆ ಬಿಡದೆ ಸೀದಾ ಒಳಗೆ ಬಿಟ್ಟು, ಕಾಗೆ ಹಿಕ್ಕೆ, ಕೊಳೆತ ಎಲೆ ಎಲ್ಲ ಸೇರಿದ ಕಷಾಯ ಮಾಡಿದ್ದೆ. ನನ್ನವಳು ಒಂದು ವಾರ ಮಾತಾಡಿರಲಿಲ್ಲ.

ಹೊರಡುವಾಗ ಅಣ್ಣ, "ಸಿಪ್ಪೆ ಬೇಕಾದರೆ ತಗೊಂಡು ಹೋಗಿ, ಬಚ್ಚಲ ಒಲೆಗೆ ಆಗುತ್ತದೆ" ಅಂದರು. ಎರಡು ಗೋಣಿ ಹೊತ್ತು ತಂದೆ. ಟ್ಯಾಂಕಿ ಅಷ್ಟಾದರೂ ಖಾಲಿಯಾಗಲಿ.