ಹಿಂದಿನೋರ ಹಿಂದೆ

ಬಾಳೆಹಣ್ಣಿನ ವಿಷಯ ಮೊದ್ಲು ಹೇಳ್ಬಿಡ್ತೀನಿ, ಅದು ಹೇಳದೆ ಬೇರೆ ಏನು ಬರೆಯೋಕೂ ಮನಸ್ಸು ಬರ್ತಿಲ್ಲ. ನಮ್ಮ ನಡಿಗೆ ಗುಂಪಿನ ಹೋದ ಸಲದ ನಡಿಗೇಲಿ ನಂಗೆ ಟೇಬಲ್ ಡ್ಯೂಟಿ, ಅಂದ್ರೆ ದಾರೀಲಿ ಟೇಬಲ್ ಹಾಕ್ಕೊಂಡು ನಡೆಯೋರಿಗೆ ಹಣ್ಣು ಕೊಡೋದು. ದೇವರಾಜ ಮಾರ್ಕೆಟ್ಟಲ್ಲಿ ಚೌಕಾಸಿ ಮಾಡಿ ಏಲಕ್ಕಿ ಬಾಳೆ ತಂದು, ಕತ್ತಲಲ್ಲೇ ಸ್ಕೂಟರ್ ಮೇಲೆ ಕಾಲಿನ ಸಂದೀಲಿ ಇಟ್ಕೊಂಡು ಹೋಗಿ, ಚಿಪ್ಪು ಬಿಡಿಸಿ ಜೋಡಿಸಿಟ್ಟಿದ್ರೆ, ಬಿಳೀ ಶೂ ಹಾಕ್ಕೊಂಡು ಬಂದ ಒಬ್ಬ ಸಾಹೇಬರು ಒಂದು ಹಣ್ಣನ್ನ ಎರಡೇ ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ "ನಂಜನಗೂಡು ರಸಬಾಳೆ ಸಿಗ್ಲಿಲ್ವೇನ್ರೀ?" ಅಂದ್ರು. ರಸಬಾಳೆ! ಪನಾಮ ರೋಗ ಬಡಿದು ತೋಟಕ್ಕೆ ತೋಟಾನೇ ಹೋಗಿ, ಇದು ಈ ಊರಿಂದೇ ಅನ್ನೋ ಸರ್ಕಾರಿ ಜಿಐ ಟ್ಯಾಗ್ ಮಾತ್ರ ಗಟ್ಟಿಯಾಗಿ ಉಳ್ಕೊಂಡು, ನಂಜನಗೂಡಲ್ಲೇ ಹುಡುಕಿದ್ರೂ ಸಿಕ್ಕರೆ ಪುಣ್ಯ ಅನ್ನೋ ಹಣ್ಣು, ಅದನ್ನ ನಾನು ಪುಕ್ಕಟೆ ನಡಿಗೆಗೆ ಬುಟ್ಟೀಲಿ ತುಂಬ್ಕೊಂಡು ಬರ್ಬೇಕಂತೆ. ಅಷ್ಟು ಹೇಳಿ ಅವರು ಏಲಕ್ಕಿ ಬಾಳೇನೇ ನಾಲ್ಕು ತಗೊಂಡ್ರು, ಎರಡು ತಿಂದು ಎರಡು ಜೇಬಿಗೆ. ನಿಧಾನಕ್ಕೆ ಬರೋರು ಬಂದು ತಲುಪೋ ಹೊತ್ತಿಗೆ ಟೇಬಲ್ ಮೇಲೆ ದಿಂಡು ಮಾತ್ರ ಇತ್ತು.

ಇದನ್ನೆಲ್ಲ ಯಾಕೆ ಬರೀತಿದೀನಿ ಅಂದ್ರೆ ನಮ್ಮ ಗುಂಪಿನ ಕಾರ್ಯದರ್ಶಿಗಳು ಒಂದು ಸ್ಮರಣ ಸಂಚಿಕೆ ತರ್ತಿದಾರೆ, ಅದಕ್ಕೆ "ಸ್ವಯಂಸೇವೆ ನನಗೆ ಕಲಿಸಿದ್ದು" ಅಂತ ಒಂದು ಲೇಖನ ಬೇಕಂತೆ, ಜೊತೆಗೆ ಗುಂಪಿನ ಟೀ-ಶರ್ಟ್ ಹಾಕ್ಕೊಂಡು ನಗ್ತಾ ಇರೋ ಫೋಟೋ. ಟೀ-ಶರ್ಟ್ ಡಬಲ್ ಎಕ್ಸ್‌ಎಲ್ ಕೊಟ್ಟಿದಾರೆ, ನಾನು ಮೀಡಿಯಂ ಮನುಷ್ಯ. ಅದರೊಳಗೆ ನಗೋದು ಹೆಂಗೆ? ಇರ್ಲಿ, ಬರೀತೀನಿ ಅಂತ ಒಪ್ಕೊಂಡಿದೀನಿ, ಕಲಿತದ್ದಕ್ಕೆ ಆಮೇಲೆ ಬರ್ತೀನಿ.

ಗುಂಪು ಹುಟ್ಟಿದ್ದು ಕುಕ್ಕರಹಳ್ಳಿ ಕೆರೆ ಏರಿ ಮೇಲೆ. ದಿನಾ ಬೆಳಿಗ್ಗೆ ಅದೇ ಕೆರೆ ಸುತ್ತಿ ಅದೇ ರಾಜಕೀಯ ಮಾತಾಡಿ ಅದೇ ಹೋಟ್ಲಲ್ಲಿ ಇಡ್ಲಿ ತಿಂದು ಬೇಜಾರಾದ ಕೆಲವರು, ಸುತ್ತಿದ್ದು ಸಾಕು ಒಂದ್ಸಲ ನೆಟ್ಟಗೆ ನಡೆದು ನೋಡೋಣ ಅಂತ ಶ್ರೀರಂಗಪಟ್ಟಣಕ್ಕೆ ಹೋಗಿ ಬಸ್ಸಲ್ಲಿ ವಾಪಸ್ ಬಂದ್ರು. ಅಲ್ಲಿಗೆ ನಿಂತಿದ್ರೆ ಚೆನ್ನಾಗಿತ್ತು. ಈಗ ರಿಜಿಸ್ಟ್ರೇಷನ್ ಇದೆ, ರೂಟ್ ಮ್ಯಾಪ್ ಇದೆ, ಮೆಡಲ್ ಇದೆ, ಮೆಡಲ್‌ಗೆ ಸ್ಪಾನ್ಸರ್ ಇದಾನೆ. "ವಾಲಂಟಿಯರ್ಸ್ ಬೇಕು" ಅಂತ ಗುಂಪಲ್ಲಿ ಮೆಸೇಜ್ ಬಿದ್ರೆ ನಲವತ್ತು ಹೆಬ್ಬೆರಳು, ಇಪ್ಪತ್ತು ಕೈಮುಗಿಯೋ ಚಿತ್ರ, ಒಬ್ಬರು ಹೂವಿನ ಬೊಕೆ. ಭಾನುವಾರ ಬೆಳಿಗ್ಗೆ ಐದು ಗಂಟೆಗೆ ನಿಂತಿರೋರು ಮೂವರು. ಆ ಮೂವರಲ್ಲಿ ಹೆಬ್ಬೆರಳು ತೋರಿಸಿದೋರು ಒಬ್ಬರೂ ಇರಲ್ಲ, ಇದು ಮಾತ್ರ ನಾನು ಗಮನಿಸಿ ನೋಡಿರೋ ಸತ್ಯ.

ಸಾಮಾನ್ಯವಾಗಿ ನನಗೆ ಬೀಳೋದು ಹಿಂದಿನ ಡ್ಯೂಟಿ. ಎಲ್ರಿಗಿಂತ ಕೊನೇಲಿ ಇರೋರ ಹಿಂದೆ ನಡೀಬೇಕು, ಅವರನ್ನ ದಾಟಂಗಿಲ್ಲ, ಅವರು ಕೂತ್ರೆ ಕೂರ್ಬೇಕು. ಮುಂದಿನೋರದ್ದು ಬೇರೇನೇ ಪ್ರಪಂಚ, ಕೈಗೆ ವಾಚು ಕಟ್ಕೊಂಡು ಹತ್ತು ಸಾವಿರ ಹೆಜ್ಜೆ ಆಯ್ತಾ ಅಂತ ನಿಮಿಷಕ್ಕೊಂದ್ಸಲ ನೋಡ್ಕೊಳ್ತಾರೆ. ಆ ಹತ್ತು ಸಾವಿರ ಯಾವ ಡಾಕ್ಟ್ರೂ ಕೂತು ಲೆಕ್ಕ ಹಾಕಿ ಹೇಳಿದ್ದಲ್ಲ, 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಹೊರಟಾಗ ಅದರ ಹೆಸರಲ್ಲೇ ಸೇರಿಸಿದ ಸಂಖ್ಯೆ ಅಂತ ನಾನು ಒಂದ್ಸಲ ಹೇಳ್ದೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ, 9,800ರಲ್ಲಿದ್ದ ಒಬ್ಬರು ಮಾತ್ರ ನಿಂತಲ್ಲೇ ಇನ್ನೂರು ಕುಣಿದು ಮುಗಿಸಿದ್ರು.

ನನ್ನ ಜೊತೆ ಹಿಂದೆ ಖಾಯಂ ಇರೋದು ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ಅಕ್ಕಯ್ಯ. ಮೇಷ್ಟ್ರು ಪ್ರತಿ ಮರದ ಕೆಳಗೂ ನಿಂತು ಇದು ಹೊಂಗೆ, ಇದು ಹಿಪ್ಪೆ ಅಂತ ಹಾಜರಿ ಕೂಗ್ತಾರೆ. ಅಕ್ಕಯ್ಯ ಕರು ಕಂಡಲ್ಲೆಲ್ಲ ನಿಲ್ತಾರೆ, ಮಂಡ್ಯ ಜಿಲ್ಲೇಲಿ ಕರುಗಳಿಗೇನು ಬರ. ಗಂಟೆಗೆ ಮೂರು ಕಿಲೋಮೀಟರ್ ದಾಟಿದ್ರೆ ನಮಗೆ ಅದೇ ಓಟ. ಒಂದ್ಸಲ ಗದ್ದೆ ಬದೀಲಿ ಕಳೆ ಕೀಳ್ತಿದ್ದ ಒಬ್ಬ ಅಜ್ಜಿ ಎದ್ದು ಸೊಂಟ ಹಿಡ್ಕೊಂಡು ನಮ್ಮನ್ನ ನೋಡಿ, ಎಲ್ಲಿಂದ ಎಲ್ಲಿಗೆ ಅಂತ ಕೇಳಿ, ಅಕ್ಕಯ್ಯನ ಕಡೆ ತಿರುಗಿ "ಹೆಣ್ಮಕ್ಕಳಿಗೆ ಬಸ್ಸು ಫ್ರೀ ಮಾಡವ್ರಲ್ಲ ಕಣವ್ವ, ಆಧಾರ್ ಕಾರ್ಡ್ ಇಲ್ವಾ ನಿಂತಾವ?" ಅಂದ್ಲು. 2023ರಿಂದ ಈ ಪ್ರಶ್ನೆ ನಮಗೆ ಊರೂರಲ್ಲೂ ಎದುರಾಗ್ತಿದೆ, ಉತ್ತರ ಇನ್ನೂ ಸಿಕ್ಕಿಲ್ಲ.

ನಮ್ಮ ಅಧ್ಯಕ್ಷರ ಮಗಳು ಇಂಗ್ಲೆಂಡಲ್ಲಿ ಇರೋದ್ರಿಂದ ನಮಗೆ ಅಲ್ಲಿಯ ಉದಾಹರಣೆ ತಪ್ಪಿದ್ದಲ್ಲ. ಅಲ್ಲಿ 1972ರಲ್ಲಿ ಶುರುವಾದ ಲಾಂಗ್ ಡಿಸ್ಟನ್ಸ್ ವಾಕರ್ಸ್ ಅಸೋಸಿಯೇಷನ್ ಅಂತ ಇದೆಯಂತೆ, ವರ್ಷಕ್ಕೊಂದ್ಸಲ 48 ಗಂಟೆ ಒಳಗೆ 100 ಮೈಲಿ ನಡೀತಾರಂತೆ, ಅಂದ್ರೆ 160 ಕಿಲೋಮೀಟರ್, ರಾತ್ರಿ ಹಗಲು, ಮಳೇಲಿ. ಮಧ್ಯ ಮಧ್ಯ ಚೆಕ್‌ಪಾಯಿಂಟಲ್ಲಿ ಟೀ ತಿಂಡಿ ಕೊಡೋದೆಲ್ಲ ಸದಸ್ಯರೇ, ಸಂಬಳ ಇಲ್ಲ. ಇದರಲ್ಲಿ ನನಗೆ ಹಿಡಿಸಿದ ಒಂದು ವಿಷಯ ಅಂದ್ರೆ, ಆ ದಿನ ಡ್ಯೂಟಿ ಇರೋದ್ರಿಂದ ನಡೆಯೋಕಾಗದ ವಾಲಂಟಿಯರ್‌ಗಳಿಗೆ ಅಂತಾನೇ ಕೆಲವು ವಾರ ಮುಂಚೆ ಅದೇ ದಾರೀಲಿ ಬೇರೆ ನಡಿಗೆ ಇಡ್ತಾರೆ. ನಮ್ಮಲ್ಲೂ ಮಾಡಿ ಅಂತ ಮೀಟಿಂಗಲ್ಲಿ ಎದ್ದು ನಿಂತು ಹೇಳ್ದೆ. ಒಳ್ಳೇ ಸಲಹೆ, ಅದನ್ನ ನೀವೇ ಆರ್ಗನೈಸ್ ಮಾಡಿ ಅಂದ್ರು. ಕೂತ್ಕೊಂಡೆ.

ಅಲ್ಲ, ನಡೆಯೋದನ್ನ ಇಂಗ್ಲೆಂಡಿಂದ ಕಲೀಬೇಕಾ ನಾವು? ಶಿವರಾತ್ರಿ ಬಂತೂಂದ್ರೆ ಮಾದಪ್ಪನ ಬೆಟ್ಟಕ್ಕೆ ಮಂಡ್ಯ ಮೈಸೂರು ಕಡೆ ಜನ ಉಘೇ ಉಘೇ ಅಂತ ಹೊರಟುಬಿಡ್ತಾರೆ, ಕನಕಪುರದ ಕಡೆಯೋರು ಹೊಳೆಗೇ ಇಳಿದು ಕಾವೇರಿ ದಾಟ್ತಾರೆ. ಹೆಗಲ ಮೇಲೊಂದು ಟವಲ್ಲು, ಕಾಲಿಗೆ ಹವಾಯಿ ಚಪ್ಪಲಿ, ಅದೂ ಎಷ್ಟೋ ಜನಕ್ಕೆ ಇಲ್ಲ. ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಲು ನೋಡಿ, ಒಂದೊಂದು ಮೆಟ್ಲಿಗೂ ಬಗ್ಗಿ ಅರಿಶಿನ ಇಟ್ಟು ಕುಂಕುಮ ಇಟ್ಟು, ಸೆರಗು ಸರಿ ಮಾಡ್ಕೊಂಡು, ಮುಂದಿನ ಮೆಟ್ಲಿಗೆ ಮತ್ತೆ ಬಗ್ಗಿ, ಹಂಗೇ ಸಾವಿರ ಮೆಟ್ಲು ಹತ್ತೋ ಹೆಂಗಸರು ಇದಾರೆ. ಅವರ ಹಿಂದೆ ಯಾರೂ ಡ್ಯೂಟೀಲಿ ನಿಂತಿರಲ್ಲ. ಬೇಕಾದ್ರೆ ದಾರೀಲಿ ಸಿಕ್ಕೋರು ಮಜ್ಜಿಗೆ ಕೊಡ್ತಾರೆ, ಕೊಟ್ಟೋರ ಹೆಸರೂ ಯಾರಿಗೂ ಗೊತ್ತಿರಲ್ಲ. ಇದನ್ನೂ ಮೀಟಿಂಗಲ್ಲಿ ಹೇಳೋಣ ಅಂದ್ಕೊಂಡಿದ್ದೆ, ಆದ್ರೆ ಅದನ್ನೂ ನೀವೇ ಆರ್ಗನೈಸ್ ಮಾಡಿ ಅಂದ್ಬಿಟ್ರೆ?

ಈಗ ಬಾಣದ ಕಥೆ. ಪಾಂಡವಪುರದಿಂದ ಮೇಲುಕೋಟೆಗೆ ನಡಿಗೆ ಇಟ್ಟಿದ್ವಿ, ಮೇನ್ ರೋಡ್ ಬಿಟ್ಟು ನಾಲೆ ಏರಿ, ಹಳ್ಳಿ, ಕಬ್ಬಿನ ಗದ್ದೆ ಅಂತ ಬಳಸಿ ಹೋಗೋ ದಾರಿ. ಕೊನೇಲಿ ಕಲ್ಯಾಣಿಲಿ ಕಾಲು ತೊಳ್ದು ಪುಳಿಯೋಗರೆ ತಿನ್ನೋದು, ಅದನ್ನ ಪೋಸ್ಟರಲ್ಲೇ ಹಾಕಿದ್ರು, ಅದಕ್ಕೇ ಅರವತ್ತು ಜನ ಹೆಸರು ಕೊಟ್ಟಿದ್ರು. ಧನುರ್ಮಾಸದ ದಿನಗಳು, ಬೆಳಿಗ್ಗೆ ಮಂಜು, ಹತ್ತು ಮಾರು ಮುಂದೆ ಏನೂ ಕಾಣಲ್ಲ. ಅದಕ್ಕೇ ಹಿಂದಿನ ಸಂಜೇನೇ ಮೂವರು ಹೋಗಿ ತಿರುವು ತಿರುವಲ್ಲೂ ಸುಣ್ಣದ ಪುಡೀಲಿ ಬಾಣದ ಗುರುತು ಹಾಕಿ ಬಂದಿದ್ವಿ, ಶಾಲೆ ಮೈದಾನದಲ್ಲಿ ಕಬಡ್ಡಿಗೆ ಗೆರೆ ಎಳೀತಾರಲ್ಲ ಆ ಸುಣ್ಣ.

ಧನುರ್ಮಾಸ ಅಂದ್ರೆ ಇನ್ನೊಂದು ಇದೆ. ಒಂದು ಹಳ್ಳೀಲಿ ದಾರಿ ಎರಡಾಗೋ ಕಡೆ, ಮೂಲೆ ಮನೆ ಮುಂದೆ, ನಾವು ಬಲಕ್ಕೆ ಬಾಣ ಹಾಕಿದ್ವಿ. ಆ ಮನೆ ಯಜಮಾನಿ ನಾಲ್ಕೂವರೆಗೆ ಎದ್ದು, ಅಂಗಳ ಗುಡಿಸಿ, ಸಗಣಿ ನೀರು ಚೆಲ್ಲಿ ಸಾರಿಸಿ, ಅಲ್ಲೊಂದು ರಂಗೋಲಿ ಹಾಕಿದಾರೆ. ಏನು ರಂಗೋಲಿ ಅಂತೀರಿ, ರಸ್ತೆ ಅರ್ಧಕ್ಕೆ ಬಂದಿತ್ತು, ಮಧ್ಯ ಸಗಣಿ ಉಂಡೆಗೆ ಕುಂಬಳದ ಹೂವು ಸಿಕ್ಕಿಸಿ, ಸುತ್ತ ಚೂಪು ಎಸಳಿನ ತಾವರೆ. ಎಸಳುಗಳಲ್ಲಿ ಒಂದು ಸ್ವಲ್ಪ ಉದ್ದ ಆಗ್ಬಿಟ್ಟಿತ್ತು. ಅದು ಎಡಕ್ಕೆ ತೋರಿಸ್ತಿತ್ತು.

ಮೊದಲನೇ ಬಿಳೀ ಶೂ ಎಡಕ್ಕೆ ಹೋಯ್ತು, ಅದರ ಹಿಂದೆ ಇನ್ನೊಂದು, ಕುರಿ ಹಿಂಡಿನ ಹಾಗೆ ಎಲ್ಲ. ನಾವು ಹಿಂದಿನೋರು ಅಲ್ಲಿಗೆ ಬಂದಾಗ ಬಿಸಿಲೇರಿತ್ತು, ಮಂಜು ಕರಗಿತ್ತು, ಬಾಣ ಇರ್ಲಿಲ್ಲ. ಮೇಷ್ಟ್ರು ರಂಗೋಲಿ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ, "ಪಾಪ, ಯಾರೂ ತುಳಿದಿಲ್ಲ ನೋಡಿ, ಸಂಸ್ಕಾರವಂತ ಜನ" ಅಂದ್ರು. ನಾನು ಆ ಯಜಮಾನಿಗೆ, ಅಮ್ಮಾ ಇಲ್ಲೊಂದು ಗುರುತು ಹಾಕಿದ್ವಲ್ಲ ಅಂದೆ ನೋಡಿ, ಪೊರಕೆ ಕೈಲೇ ಇತ್ತು.

"ನೀನಾ ಅದ ಬರ್ದೋನು? ಮನೆ ಮುಂದ ಸುಣ್ಣದಲ್ಲಿ ಬರ್ದು ಒಂಟೋದ್ರೆ ನಾನೇನು ಅಂದ್ಕಬೇಕು? ಮಾಟನೋ ಮಂತ್ರನೋ ಅಂತ ಎದೆ ಧಸಕ್ ಅಂತು. ನಾಕ್ ಬಿಂದಿಗೆ ನೀರು ಸುರ್ದಿವ್ನಿ ಅದರ ಮ್ಯಾಲೆ. ಬ್ಯಾರೆ ಯಾರ್ ಮನೆ ಮುಂದೂ ಸಿಗ್ನಿಲ್ವಾ ನಿಂಗೆ?"

ಅಕ್ಕಯ್ಯ ಹೋಗಿ ಸಮಾಧಾನ ಮಾಡಿ, ಅವರ ಮನೆ ಕರು ಮೈ ಸವರಿ, ಕಾಫಿ ಕುಡಿದು ಬರೋದಕ್ಕೆ ಅರ್ಧ ಗಂಟೆ. ಆ ಕರು ಹೆಸರು ಗೌರಿ, ಅದು ಅಕ್ಕಯ್ಯನಿಗೆ ಇವತ್ತಿಗೂ ನೆನಪಿದೆ.

ಎಡಗಡೆ ದಾರಿ ಹಿಡಿದು ಹೋದ್ವಿ. ಕಬ್ಬಿನ ಮಧ್ಯ ದಾರಿ, ಎರಡೂ ಕಡೆ ಗೋಡೆ ಥರ ಕಬ್ಬು, ಫೋನ್ ಸಿಗ್ನಲ್ ಇಲ್ಲ. ಆಮೇಲೆ ಹೊಗೆ ಕಾಣಿಸ್ತು, ಆಮೇಲೆ ವಾಸನೆ ಬಂತು, ಆಲೆಮನೆ. ನಲವತ್ತಕ್ಕೂ ಮೇಲೆ ಜನ ಸಾಲಾಗಿ ಒಣ ಸಿಪ್ಪೆ ಗುಡ್ಡೆ ಮೇಲೆ ಕೂತಿದಾರೆ, ಕೈಯಲ್ಲಿ ಕಬ್ಬಿನ ಹಾಲು. ಕೊಪ್ಪರಿಗೇಲಿ ಪಾಕ ಕುದೀತಿದೆ, ಒಬ್ಬ ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬಂದ ಕರೀ ನೊರೆ ತೆಗೀತಿದಾನೆ, ಇನ್ನೊಬ್ಬ ಮರದ ಅಚ್ಚಿಂದ ಬೆಲ್ಲ ತಟ್ಟಿ ತಟ್ಟಿ ಬೀಳಿಸ್ತಿದಾನೆ, ವಾಚು ಕಟ್ಟಿದ ಕೈಗಳೆಲ್ಲ ಆ ಬಿಸಿ ಬೆಲ್ಲಕ್ಕೆ ಚಾಚ್ಕೊಂಡಿವೆ. ಸಕ್ಕರೆ ಕಾಯಿಲೆ ಅಂತ ಕಾಫಿಗೆ ಸಕ್ಕರೆ ಬೇಡ ಅನ್ನೋ ಇಬ್ಬರು ಮೂರನೇ ಲೋಟದಲ್ಲಿದ್ರು. ಏಳ್ರಪ್ಪ, ಮೇಲುಕೋಟೆ ಇನ್ನೂ ದೂರ ಇದೆ ಅಂದ್ರೆ ಒಬ್ಬರೂ ಏಳ್ಲಿಲ್ಲ. "ಚೆಲುವನಾರಾಯಣ ಎಲ್ಲಿಗೂ ಹೋಗಲ್ಲ ಕೂತ್ಕೊಳ್ರೀ" ಅಂತ ಅಧ್ಯಕ್ಷರೇ ಅಂದ್ಬಿಟ್ರು, 160 ಕಿಲೋಮೀಟರ್ ಬಗ್ಗೆ ಭಾಷಣ ಮಾಡೋ ಅದೇ ಅಧ್ಯಕ್ಷರು.

ಆಲೆಮನೆ ಯಜಮಾನ ನನ್ನ ಕೈಲಿದ್ದ ಉಳಿದ ಸುಣ್ಣದ ಚೀಲ ನೋಡಿ ಖುಷಿಯಾಗಿ ಹತ್ರ ಬಂದ, ಕಬ್ಬಿನ ಹಾಲು ತಿಳಿ ಮಾಡೋಕೆ ಅವರೂ ಸುಣ್ಣ ಹಾಕ್ತಾರೆ. ಚಿಟಿಕೆ ತಗೊಂಡು ಬೆರಳಲ್ಲಿ ತಿಕ್ಕಿ, "ಥೂ, ಇದ್ ಆಟದ್ ಸುಣ್ಣ ಕಣಣ್ಣೋ, ಬರಾಕಿಲ್ಲ" ಅಂತ ವಾಪಸ್ ಕೊಟ್ಟ. ದುಡ್ಡು ಎಷ್ಟಾಯ್ತು ಅಂದ್ರೆ ಕಬ್ಬಿನ ಹಾಲಿಗೆ ಬ್ಯಾಡ, ಕಟ್ಟಿಸ್ಕೊಂಡಿರೋ ಬೆಲ್ಲಕ್ಕೆ ಮಾತ್ರ ಕೊಡಿ ಅಂದ. ಮನಸ್ಸು ಕೇಳ್ಲಿಲ್ಲ, ಬ್ಯಾಗಲ್ಲಿದ್ದ ಹೊಸಾ ಡಬಲ್ ಎಕ್ಸ್‌ಎಲ್ ಟೀ-ಶರ್ಟ್ ತೆಗೆದು ಕೊಟ್ಟೆ, ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ಸ್ವಯಂಸೇವಕ ಅಂತ ಇರೋದು. ಅವನಿಗೆ ಅಳತೆ ಕೊಟ್ಟು ಹೊಲಿಸಿದಂಗೆ ಕೂತ್ಕೊಂಡ್ತು. ಕೊನೆಗೆ ಮೇಲುಕೋಟೆಗೆ ನಡೆದು ತಲುಪಿದ್ದು ಹದಿನೈದು ಜನವೇನೋ, ಮಿಕ್ಕೋರು ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಪಾಂಡವಪುರಕ್ಕೆ ವಾಪಸ್. ಮೆಡಲ್ ಎಲ್ರಿಗೂ ಕೊಟ್ರು, ಸ್ಪಾನ್ಸರ್ ಎಣಿಸಿ ಕೊಟ್ಟಿದ್ರಂತೆ, ಉಳಿಸಂಗಿಲ್ಲ.

ಈ ವರ್ಷ ಮತ್ತೆ ಅದೇ ರೂಟು. ಸುಣ್ಣ ಬೇಡ ಅಂತ ಮೀಟಿಂಗಲ್ಲಿ ಎರಡು ಗಂಟೆ ಚರ್ಚೆ ಆಗಿ ಕೆಂಪು ರಿಬ್ಬನ್ ಕಟ್ಟೋದು ಅಂತ ತೀರ್ಮಾನ ಆಯ್ತು, ಮೂಲೆ ಮನೆ ಹತ್ರ ಬಲಗಡೆ ಬೇವಿನ ಮರಕ್ಕೆ ನಾನೇ ಕೈಯಾರೆ ಎರಡು ಗಂಟು ಬಿಗಿದು ಕಟ್ಟಿ ಬಂದೆ. ಬೆಳಿಗ್ಗೆ ನಾನೂ ಮೇಷ್ಟ್ರೂ ಅಕ್ಕಯ್ಯನೂ ಅಲ್ಲಿಗೆ ಬಂದಾಗ ರಿಬ್ಬನ್ ಇದ್ದಲ್ಲೇ ಇತ್ತು, ಅದರ ಕೆಳಗೆ ಸ್ವಯಂಸೇವಕ ಟೀ-ಶರ್ಟ್ ಹಾಕ್ಕೊಂಡು ಆಲೆಮನೆ ಯಜಮಾನ ನಿಂತಿದ್ದ, ಟ್ರಾಫಿಕ್ ಪೊಲೀಸ್ ಗತ್ತಲ್ಲಿ ಕೈ ಎಡಕ್ಕೆ ಚಾಚ್ಕೊಂಡು. "ಬನ್ನಿ ಅಣ್ಣೋ, ಎಲ್ಲಾ ಒಂಟೋದ್ರು, ನೀವೇ ಲೇಟು" ಅಂದ.