ಸ್ಪಷ್ಟನೆ: ಕರಾಚಿ ದಾಳಿಯ ದೋಣಿಗಳಲ್ಲಿ ಟಾರ್ಪಿಡೊ ಇರಲಿಲ್ಲ

ಮಂಜೇಶ್ವರ, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: '1971ರಲ್ಲಿ ಕರಾಚಿಯಲ್ಲಿ ಹಡಗುಗಳನ್ನು ಟಾರ್ಪಿಡೊದಿಂದ ಮುಳುಗಿಸಿದ ದೋಣಿಗಳೇ ಈಗ ಕಾಸರಗೋಡು ಕಡಲಲ್ಲಿ ಗಸ್ತು ತಿರುಗುತ್ತಿವೆ.' ಎರಡೂ ಮಾತು ತಪ್ಪು. ಟಾರ್ಪಿಡೊ ಅಂದರೆ ನೀರಿನೊಳಗೆ ಸಾಗಿ ಹಡಗಿಗೆ ಬಡಿಯುವ ಸ್ಫೋಟಕ ಅಸ್ತ್ರ.

ಡಿಸೆಂಬರ್ 4ರ ರಾತ್ರಿ ದಾಳಿ ಮಾಡಿದ ನಮ್ಮ ನೌಕಾಪಡೆಯ ನಿಪಾತ್, ನಿರ್ಘಾತ್, ವೀರ್ ಸೋವಿಯತ್ ನಿರ್ಮಿತ ಓಸಾ ವರ್ಗದ ಕ್ಷಿಪಣಿ ದೋಣಿಗಳು. ಒಂದೊಂದರಲ್ಲೂ ನಾಲ್ಕು ಸ್ಟಿಕ್ಸ್ ಕ್ಷಿಪಣಿ, ಜತೆಗೆ 30 ಮಿ.ಮೀ. ತೋಪುಗಳು, ಟಾರ್ಪಿಡೊ ಕೊಳವೆಯೇ ಇಲ್ಲ. ಎರಡು ಟನ್ನಿಗೂ ಮೀರಿದ ಕ್ಷಿಪಣಿಗಳ ನಾಲ್ಕು ಗೂಡುಗಳೇ ಡೆಕ್ಕನ್ನು ತುಂಬಿಬಿಡುತ್ತವೆ. ಮೇಲಾಗಿ ಆ ಕಾಲದ ಟಾರ್ಪಿಡೊ ಬಿಡಲು ಶತ್ರುವಿನ ತೋಪಿನ ಗುಂಡು ತಲುಪುವಷ್ಟು ಹತ್ತಿರ ನುಗ್ಗಬೇಕಿತ್ತು. ಸ್ಟಿಕ್ಸ್ ಸುಮಾರು 40 ಕಿ.ಮೀ. ದೂರದಿಂದಲೇ ಹೊಡೆಯುತ್ತಿತ್ತು. ಪಾಕಿಸ್ತಾನದ ಯುದ್ಧನೌಕೆ ಖೈಬರ್ ಮುಳುಗಿದ್ದು ನಿರ್ಘಾತ್‌ನ ಎರಡು ಕ್ಷಿಪಣಿಗಳಿಂದ.

ಎರಡೂ ಅಸ್ತ್ರ ಹೊತ್ತ ದೋಣಿಗಳು ಇದ್ದದ್ದು ನಿಜ, ಆದರೆ ಬೇರೆಡೆ: ನಾರ್ವೆಯ ಹೌಕ್ ವರ್ಗದಲ್ಲಿ ಪೆಂಗ್ವಿನ್ ಕ್ಷಿಪಣಿಗಳೂ 533 ಮಿ.ಮೀ. ಟಾರ್ಪಿಡೊ ಕೊಳವೆಗಳೂ ಇದ್ದವು.

ನಮ್ಮ ಓಸಾಗಳು ಸೇವೆ ಮುಗಿಸಿ ಬಹಳ ಕಾಲವಾಯಿತು. ಇಲ್ಲಿ ದಡದಿಂದ ಕಾಣುವ, ಬಿಳಿ ಒಡಲಿಗೆ ಓರೆ ಪಟ್ಟೆ ಬಳಿದ ಹಡಗುಗಳು ಕೋಸ್ಟ್ ಗಾರ್ಡ್‌ನವು; ಅವುಗಳಲ್ಲಿ ಕ್ಷಿಪಣಿ ಇರುವುದಿಲ್ಲ. ನೌಕಾಪಡೆಯ ಯುದ್ಧನೌಕೆಗಳ ಬಣ್ಣ ಬೂದು. ಮೀನುಗಾರರನ್ನು ಸುಮ್ಮನೆ ಹೆದರಿಸುವ ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.