ರಾತ್ರಿಪಾಳಿಗೆ ಯಾರಿದ್ದಾರೆ?

ಎರಡು ದಿನದಿಂದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ವಿಡಿಯೋ. ಯಾವುದೋ ವೃದ್ಧಾಶ್ರಮದಲ್ಲಿ ಕೆಲಸದವಳೊಬ್ಬಳು ಅಜ್ಜಿಯ ಬೆನ್ನಿಗೆ ಹೊಡೆಯುತ್ತಾಳೆ. ಕೆಳಗೆ ಎಲ್ಲರದ್ದೂ ಒಂದೇ ಮಾತು: "ರಾಕ್ಷಸಿ, ಒಳಗೆ ಹಾಕಿ." ಹಾಕಲಿ. ಹೊಡೆದದ್ದು ತಪ್ಪು, ಎರಡು ಮಾತಿಲ್ಲ. ಆದರೆ ಅವಳು ಹೋದ ಮೇಲೆ ಆ ರಾತ್ರಿಪಾಳಿಗೆ ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ? ಇದನ್ನು ಯಾರೂ ಕೇಳುವುದಿಲ್ಲ ಅಲ್ವಾ, ನನಗೆ ಸಿಟ್ಟು ಬರುವುದೇ ಅದಕ್ಕೆ.

ದೊಡ್ಡಮ್ಮ ಇದ್ದ ವೃದ್ಧಾಶ್ರಮ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹಗಲು ಹೋದರೆ ಎಲ್ಲ ಚಂದ. ಒಮ್ಮೆ ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಹೋದಾಗ ಕತ್ತಲಾಗಿತ್ತು. ಇಡೀ ಹಾಲಿಗೆ ಒಬ್ಬಳೇ ಹುಡುಗಿ. ಅವಳು ಒಬ್ಬರಿಗೆ ಡಯಾಪರ್ ಬದಲಿಸುವಾಗ ಇನ್ನೊಬ್ಬರು ಮಂಚದಿಂದ ಇಳಿಯುತ್ತಿದ್ದರು, ಮತ್ತೊಬ್ಬರು ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಿದ್ದರು. ದೊಡ್ಡಮ್ಮನ ಎಡಗೈಯನ್ನು ಬೈರಾಸಿನಲ್ಲಿ ಮಂಚದ ಸರಳಿಗೆ ಕಟ್ಟಿತ್ತು. ನಾನು ಜೋರು ಮಾಡಿದೆ. ಹುಡುಗಿ ಮಲಯಾಳದಲ್ಲಿ ಅಳುತ್ತಾ, "ಅವರು ಬಿದ್ದರೆ ನನ್ನ ಕೆಲಸ ಹೋಗುತ್ತದೆ ಚೇಚೀ" ಎಂದಳು.

ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಕೈಕೊಡುವುದುಂಟು. ದೊಡ್ಡಮ್ಮನಿಗೂ ಕನ್ನಡ ಮಾತ್ರ ಉಳಿದಿತ್ತು. ಹುಡುಗಿಗೆ ಕನ್ನಡ ಬಾರದು. ಹೊಟ್ಟೆನೋವು ಎಂದರೂ ತಿಳಿಯದು, ಮೂತ್ರಕ್ಕೆ ಎಂದರೂ ತಿಳಿಯದು. ತಿಳಿಯದ್ದೆಲ್ಲ ಹಟದ ಹಾಗೆ ಕಾಣುತ್ತದೆ. ಹಟಕ್ಕೆ ಗದರಿಕೆ, ಗದರಿಕೆಗೆ ಬಗ್ಗದಿದ್ದರೆ ಪೆಟ್ಟು. ಇದನ್ನು ತಡೆಯಲು ಅವಳಿಗೆ ಯಾರೂ ಏನೂ ಕಲಿಸಿರಲಿಲ್ಲ.

ಇಂಥ ಸಂಸ್ಥೆಗಳ ಸಿಬ್ಬಂದಿಯಲ್ಲಿ 3ರಲ್ಲಿ 2 ಜನ, ಹಿಂದಿನ ಒಂದು ವರ್ಷದಲ್ಲಿ ಏನಾದರೊಂದು ಬಗೆಯ ಹಿಂಸೆ ಮಾಡಿದ್ದೇವೆ ಎಂದು ತಾವೇ ಒಪ್ಪಿಕೊಂಡಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಜನರೂ ಹುಟ್ಟಾ ಕೆಟ್ಟವರಾ? ನಾನು ನಂಬುವುದಿಲ್ಲ.

"ಮಕ್ಕಳೇ ನೋಡಿಕೊಂಡಿದ್ದರೆ ಹೀಗಾಗುತ್ತಿತ್ತಾ" ಎನ್ನುವವರೂ ಇದ್ದಾರೆ. ಆಗುತ್ತದೆ. ಆಶ್ರಮದ ಹೊರಗೆ, ಮನೆ ಊರುಗಳಲ್ಲಿ ಇರುವ 60 ದಾಟಿದವರಲ್ಲೂ 6ರಲ್ಲಿ ಒಬ್ಬರು ಹಿಂಸೆ ಅನುಭವಿಸುತ್ತಾರೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಅಪ್ಪ ಹಾಸಿಗೆ ಹಿಡಿದಾಗ ನಿದ್ದೆಗೆಟ್ಟ ರಾತ್ರಿಗಳಲ್ಲಿ ನನಗೆ ಬರುತ್ತಿದ್ದ ಕೋಪಕ್ಕೆ ನಾನೇ ಹೆದರುತ್ತಿದ್ದೆ. ಆದರೆ ನಾನು ಕರೆದರೆ ಎದ್ದು ಬರಲು ತಮ್ಮ ಇದ್ದ, ನಾದಿನಿ ಇದ್ದಳು. ಆ ಹುಡುಗಿ ಯಾರನ್ನು ಕರೆಯಬೇಕು?

ಹಿರಿಯರಿಗೆಂದೇ 14567 ಸಹಾಯವಾಣಿ ಇದೆ. ಒಳ್ಳೆಯದೇ. ಆದರೆ ಆಶ್ರಮದ ಫೋನ್ ಆಫೀಸಿನಲ್ಲಿರುತ್ತದೆ. ಇಂದು ದೂರಿದರೆ ನಾಳೆ ಗಂಜಿ ಕೊಡುವುದು ಅದೇ ಕೈ. ಯಾರು ಬಾಯಿ ಬಿಡುತ್ತಾರೆ? ಹಾಗಾಗಿ ಕೇಳಬೇಕಾದವರು ನಾವು. ನಾವೋ ಸುಮ್ನೆ ತಿಂಗಳ ದುಡ್ಡು ಎಷ್ಟು, ಊಟ ಸಸ್ಯಾಹಾರವಾ ಎಂದಷ್ಟೇ ಕೇಳಿ ಬರುತ್ತೇವೆ.

ಕುಂಬಳೆ, ಮಂಜೇಶ್ವರ, ಮುಳ್ಳೇರಿಯ ಕಡೆ ನಿಮ್ಮವರು ಯಾರಾದರೂ ಆಶ್ರಮದಲ್ಲಿದ್ದರೆ ಈ ವಾರವೇ ಕತ್ತಲಾದ ಮೇಲೆ ಹೇಳದೆ ಹೋಗಿ. ಒಬ್ಬರ ಪಾಲಿಗೆ ಎಷ್ಟು ಮಂಚ, ಕನ್ನಡ ತಿಳಿಯುವವರು ಯಾರು, ಅವರಿಗೆ ವಾರದ ರಜೆ ಇದೆಯಾ ಎಂದು ಕೇಳಿ. ಇನ್ನೊಬ್ಬರನ್ನು ಇಟ್ಟರೆ ದುಡ್ಡು ಜಾಸ್ತಿ ಆಗುತ್ತದೆ ಅಂದರೆ, ಕೊಡುತ್ತೇವೆ ಎನ್ನಿ.